ಹತ್ತಿಯ ಪಂಚಾಯ್ತಿ

ಕೂಲಿ ಜಾಸ್ತಿ ಮಾಡಿ ಅಂತ ಕೇಳೋಕೆ ಹೋದವರನ್ನ ಧಣಿ ಯಾವತ್ತೂ ಒಟ್ಟಿಗೆ ಮಾತಾಡಿಸೋದಿಲ್ಲ. ಇದು ನಮ್ಮ ಅಪ್ಪ ಅವ್ವಂದಿರು ಶಾಲೆಗೆ ಹೋಗದೆ ಕಲಿತ ಅರ್ಥಶಾಸ್ತ್ರ. ಹತ್ತು ಜನ ಜಗಲಿ ಕೆಳಗೆ ನಿಂತಿದ್ದರೆ ಒಬ್ಬನನ್ನ ಹತ್ತಿರ ಕರೀತಾನೆ. 'ಮಗಳ ಮದುವೆಗೆ ತಗೊಂಡ ಸಾಲ ಯಾವಾಗ ತೀರಿಸ್ತೀಯ?' ಅಂತಾನೆ. ಇನ್ನೊಬ್ಬನನ್ನ ಹಿತ್ತಲ ಬಾಗಿಲಿಗೆ ಕರೆಸಿ ಎರಡು ಸೇರು ರಾಗಿ ಅಳೆಸ್ತಾನೆ. ಮೂರನೆಯವನಿಗೆ 'ನೀನು ತಿಳಿದವನು, ಇವರ ಜೊತೆ ಯಾಕೆ ಸೇರ್ತೀಯ' ಅಂತ ಬೆನ್ನು ತಟ್ತಾನೆ. ಹೊತ್ತು ಮುಳುಗೋ ಹೊತ್ತಿಗೆ ಹತ್ತು ಜನ ಹತ್ತು ದಿಕ್ಕು. ಕೂಲಿ ಮಾತ್ರ ಹಳೇದೇ.

ನಮ್ಮ ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಕಂಡವರು ನಾವು. ಕಾಲೇಜಿನ ಪುಸ್ತಕದಲ್ಲಿ 'ಅಂತರರಾಷ್ಟ್ರೀಯ ವ್ಯಾಪಾರ' ಅಂತ ಒಂದು ಅಧ್ಯಾಯ ಇತ್ತು. ಎರಡು ದೇಶಗಳು ಸರಿಸಮವಾಗಿ ಕೂತು ಒಂದು ಬಟ್ಟೆ ಕೊಟ್ಟು ಇನ್ನೊಂದು ದ್ರಾಕ್ಷಾರಸ ಕೊಟ್ಟು ಎರಡೂ ಲಾಭ ಮಾಡಿಕೊಳ್ಳುವ ಕಥೆ. ಅದನ್ನೇ ಬರೆದು ಪಾಸೂ ಆದೆವು. ಆದರೆ ಜಗಲಿ ಮೇಲೆ ಕೂತವನೂ ಜಗಲಿ ಕೆಳಗೆ ನಿಂತವನೂ ಮಾಡಿಕೊಳ್ಳುವ ಒಪ್ಪಂದದ ಬಗ್ಗೆ ಆ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ದುರ್ಬಲ ದೇಶಗಳು ಬಲಾಢ್ಯರ ಎದುರು ಹೇಗೆ ಚೌಕಾಸಿ ಮಾಡಿದವು, ಎಲ್ಲಿ ಗೆದ್ದವು, ಎಲ್ಲಿ ಮುರಿದು ಬಿದ್ದವು ಅನ್ನೋದನ್ನ ನಾವೇ ಹುಡುಕಿಕೊಂಡು ಓದಬೇಕಾಯ್ತು. ಹಾಗೆ ಹುಡುಕಿದಾಗ ಸಿಕ್ಕಿದ ಒಂದು ಚರಿತ್ರೆಯನ್ನ ಇಲ್ಲಿ ಹೇಳುತ್ತಿದ್ದೇವೆ. ಆಫ್ರಿಕದ ನಾಲ್ಕು ಬಡ ದೇಶಗಳು, ಬೆನಿನ್, ಬುರ್ಕಿನಾ ಫಾಸೊ, ಮಾಲಿ ಮತ್ತು ಚಾಡ್, ಹತ್ತಿ ಬೆಲೆಯ ನ್ಯಾಯ ಕೇಳೋಕೆ ಅಮೆರಿಕದ ಎದುರು ನಿಂತ ಕಥೆ ಇದು.

*

ಹತ್ತಿ ಅನ್ನೋದು ಜಗತ್ತಿನಲ್ಲಿ ಎಂದೂ ಬರೀ ಬೆಳೆಯಾಗಿರಲಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿ ಬೆಳೆದದ್ದು ಆಫ್ರಿಕದಿಂದ ಸರಪಳಿ ಹಾಕಿ ತಂದ ಗುಲಾಮರ ಬೆನ್ನ ಮೇಲೆ. 1861ರಿಂದ 1865ರವರೆಗೆ ಅಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಹತ್ತಿ ಇಲ್ಲದಂತಾಯ್ತು. ಆಗ ಮ್ಯಾಂಚೆಸ್ಟರಿನ ಸಾಹುಕಾರರ ಕಣ್ಣು ಬಿದ್ದದ್ದು ನಮ್ಮ ಧಾರವಾಡ ಸೀಮೆಯ ಮೇಲೆ. ಅಮೆರಿಕದ ಹತ್ತಿ ಬೀಜವನ್ನ ಕಂಪನಿ ಸರ್ಕಾರ 1840ರ ದಶಕದಲ್ಲೇ ಅಲ್ಲಿ ಬಿತ್ತಿಸಿತ್ತು. ಯುದ್ಧ ನಡೆಯುವಾಗ ಬೆಲೆ ಏರಿತು, ಯುದ್ಧ ಮುಗಿದಾಗ ಬೆಲೆ ಬಿತ್ತು. ಏರಿದ್ದಕ್ಕೂ ಬಿದ್ದದ್ದಕ್ಕೂ ಎರೆಹೊಲದ ರೈತ ಕಾರಣನಲ್ಲ. ಅವನನ್ನ ಯಾರೂ ಒಂದು ಮಾತು ಕೇಳಲೂ ಇಲ್ಲ.

ಪಶ್ಚಿಮ ಆಫ್ರಿಕದಲ್ಲಿ ಫ್ರೆಂಚರು ಮಾಡಿದ್ದು ಇನ್ನೂ ನೇರ. 1920ರ ದಶಕದಲ್ಲಿ ಈಗಿನ ಬುರ್ಕಿನಾ ಫಾಸೊ, ಆಗಿನ ಅಪ್ಪರ್ ವೋಲ್ಟಾದಲ್ಲಿ, ಹಳ್ಳಿಹಳ್ಳಿಗೂ ಹತ್ತಿ ಬೆಳೆಯುವ ಕಡ್ಡಾಯ ಹಾಕಿದರು. 1932ರಲ್ಲಿ ಮಾಲಿಯಲ್ಲಿ ನೈಜರ್ ನದಿಯ ನೀರಾವರಿ ಯೋಜನೆ ಶುರು ಮಾಡಿ ದೂರದೂರದ ಊರುಗಳಿಂದ ಜನರನ್ನ ಹಿಡಿದು ತಂದು ದುಡಿಸಿದರು. ನಮ್ಮಲ್ಲಿ ಜೀತ ಅಂತೀವಲ್ಲ, ಅದೇ. ಅಲ್ಲಿನ ಬಿಟ್ಟಿ ದುಡಿಮೆ ಕಾನೂನಿನಲ್ಲಿ ರದ್ದಾದದ್ದು 1946ರಲ್ಲಿ. 1960ರಲ್ಲಿ ನಾಲ್ಕೂ ದೇಶಗಳು ಸ್ವತಂತ್ರವಾದವು. ಬಾವುಟ ಬದಲಾಯ್ತು, ಬೆಳೆ ಬದಲಾಗಲಿಲ್ಲ. ಹತ್ತಿ ಬೆಳೆದು ಹೊರಗೆ ಕಳಿಸೋದು, ಬಟ್ಟೆಯನ್ನ ಹೊರಗಿನಿಂದ ತರಿಸೋದು.

1983ರಲ್ಲಿ ಅಪ್ಪರ್ ವೋಲ್ಟಾದ ಅಧಿಕಾರಕ್ಕೆ ಬಂದ ಥಾಮಸ್ ಸಂಕಾರಾ ಇದನ್ನ ಪ್ರಶ್ನೆ ಮಾಡಿದ. ಮರುವರ್ಷ ದೇಶದ ಹೆಸರನ್ನೇ ಬುರ್ಕಿನಾ ಫಾಸೊ ಅಂತ ಬದಲಾಯಿಸಿದ. ನೆಟ್ಟಗೆ ಬಾಳುವವರ ನಾಡು ಅಂತ ಅರ್ಥ. ನಮ್ಮ ಹತ್ತಿಯನ್ನ ನಾವೇ ನೇದು ಉಡೋಣ ಅಂತ ನೌಕರರಿಗೆಲ್ಲ 'ಫಾಸೊ ದಾನ್ ಫಾನಿ' ಅನ್ನುವ ಕೈಮಗ್ಗದ ಬಟ್ಟೆ ತೊಡಿಸಿದ. 1987ರ ಜುಲೈನಲ್ಲಿ ಆಡಿಸ್ ಅಬಾಬಾದಲ್ಲಿ ಆಫ್ರಿಕದ ನಾಯಕರೆಲ್ಲ ಸೇರಿದ್ದ ಸಭೆಯಲ್ಲಿ ಅದೇ ಬಟ್ಟೆ ತೊಟ್ಟು ನಿಂತು ಒಂದು ಮಾತು ಹೇಳಿದ. ಶ್ರೀಮಂತ ದೇಶಗಳ ಸಾಲವನ್ನ ನಾವೆಲ್ಲ ಒಟ್ಟಾಗಿ 'ಕಟ್ಟೋದಿಲ್ಲ' ಅನ್ನಬೇಕು. ಬುರ್ಕಿನಾ ಒಂದೇ ಹಾಗಂದರೆ ಮುಂದಿನ ಸಭೆಗೆ ನಾನು ಇರೋದಿಲ್ಲ ಅಂದ. ಮೂರೇ ತಿಂಗಳು. ಅಕ್ಟೋಬರ್ 15ರಂದು ಅವನನ್ನ ಗುಂಡಿಟ್ಟು ಕೊಂದರು. ಅವನ ಜಾಗಕ್ಕೆ ಬಂದವನು ಅವನ ಗೆಳೆಯ ಬ್ಲೇಸ್ ಕಂಪಾವೊರೆ. ಈ ಹೆಸರನ್ನ ನೆನಪಿಟ್ಟುಕೊಳ್ಳಿ. ಈ ಕಥೆಯಲ್ಲಿ ಮತ್ತೆ ಬರುತ್ತದೆ.

ಆಮೇಲಿನದು ಗೊತ್ತಿರುವ ದಾರಿ. ವಿಶ್ವಬ್ಯಾಂಕು, ಹಣಕಾಸು ನಿಧಿ ಸಾಲ ಕೊಟ್ಟವು, ಜೊತೆಗೆ ಬುದ್ಧಿವಾದವನ್ನೂ ಕೊಟ್ಟವು. ಸರ್ಕಾರದ ಖರ್ಚು ಇಳಿಸಿ, ರೈತರಿಗೆ ಕೊಡೋ ನೆರವು ನಿಲ್ಲಿಸಿ, ರಫ್ತು ಬೆಳೆ ಹೆಚ್ಚಿಸಿ ಅಂದವು. 1994ರ ಜನವರಿಯಲ್ಲಿ ಅವರ ನಾಣ್ಯ ಸಿಎಫ್‌ಎ ಫ್ರಾಂಕಿನ ಬೆಲೆಯನ್ನ ಫ್ರಾನ್ಸಿನ ಲೆಕ್ಕದಲ್ಲಿ ಅರ್ಧಕ್ಕೆ ಇಳಿಸಲಾಯ್ತು. ನಾಲ್ಕು ದೇಶಗಳು ಹೇಳಿದಂತೆ ಕೇಳಿದವು, ಹತ್ತಿ ಹೆಚ್ಚು ಹೆಚ್ಚು ಬೆಳೆದವು. ಪಶ್ಚಿಮ ಮತ್ತು ಮಧ್ಯ ಆಫ್ರಿಕದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಹತ್ತಿಯನ್ನೇ ನಂಬಿದರು.

*

ಈಗ ಜಗಲಿ ಮೇಲೆ ಕೂತವರ ಲೆಕ್ಕ ನೋಡೋಣ.

2001-02ರ ಹಂಗಾಮಿನಲ್ಲಿ ಅಮೆರಿಕ ಸರ್ಕಾರ ತನ್ನ ಸುಮಾರು 25,000 ಹತ್ತಿ ಬೆಳೆಗಾರರಿಗೆ ಕೊಟ್ಟ ಸಬ್ಸಿಡಿ ಸುಮಾರು 390 ಕೋಟಿ ಡಾಲರ್. ಬುರ್ಕಿನಾ ಫಾಸೊ ಅನ್ನುವ ಇಡೀ ದೇಶದ ಒಂದು ವರ್ಷದ ಉತ್ಪನ್ನಕ್ಕಿಂತ ಅದು ಜಾಸ್ತಿ. ಒಂದು ಪೌಂಡು ಹತ್ತಿ ಬೆಳೆಯೋಕೆ ಬುರ್ಕಿನಾದಲ್ಲಿ ಆಗುತ್ತಿದ್ದ ಖರ್ಚಿನ ಮೂರು ಪಟ್ಟಿಗೂ ಹೆಚ್ಚು ಅಮೆರಿಕದಲ್ಲಿ ಆಗುತ್ತಿತ್ತು. ನಮ್ಮ ಪಠ್ಯಪುಸ್ತಕದ ಪ್ರಕಾರ ಕಡಿಮೆ ಖರ್ಚಿನಲ್ಲಿ ಬೆಳೆಯುವವನು ಗೆಲ್ಲಬೇಕು. ಆದರೆ ಜಗತ್ತಿನ ಮಾರುಕಟ್ಟೆಗೆ ಅತಿ ಹೆಚ್ಚು ಹತ್ತಿ ಸುರಿಯುತ್ತಿದ್ದವರು ಅಮೆರಿಕದವರು. ಸರ್ಕಾರ ನಷ್ಟ ತುಂಬಿಕೊಡುತ್ತದೆ ಅಂದ ಮೇಲೆ ಬೆಲೆ ಬಿದ್ದರೂ ಅವರು ಬಿತ್ತನೆ ಕಡಿಮೆ ಮಾಡಬೇಕಾಗಿರಲಿಲ್ಲ. ಬೆಳೆ ಹೆಚ್ಚಾದಷ್ಟೂ ಬೆಲೆ ಬಿತ್ತು. ಆ ಹಂಗಾಮಿನಲ್ಲಿ ಜಗತ್ತಿನ ಬೆಲೆ ಪೌಂಡಿಗೆ ಸರಾಸರಿ 42 ಸೆಂಟಿನ ಹತ್ತಿರ ಇಳಿಯಿತು. ಅಷ್ಟು ಕೆಳಗೆ ಬೆಲೆ ಸುಮಾರು 30 ವರ್ಷದಲ್ಲಿ ಬಿದ್ದಿರಲಿಲ್ಲ.

ತಮಾಷೆ ನೋಡಿ. ಬಡ ದೇಶಗಳಿಗೆ 'ಸಬ್ಸಿಡಿ ಪಾಪ' ಅಂತ ಉಪದೇಶ ಮಾಡಿದವರೇ 2002ರ ಮೇ ತಿಂಗಳಲ್ಲಿ ಹೊಸ ಕೃಷಿ ಕಾನೂನು ಮಾಡಿ ತಮ್ಮವರ ಸಬ್ಸಿಡಿ ಮುಂದುವರಿಸಿದರು. ಶಾಸ್ತ್ರ ಬೇರೆಯವರಿಗೆ, ಬದನೆಕಾಯಿ ತಮಗೆ. ಈ ಗಾದೆ ನಮ್ಮ ಕೇರಿಗಳಿಗೆ ಹೊಸದಲ್ಲ.

ಇದರ ವಿರುದ್ಧ ಮೊದಲು ಬಾಯಿ ತೆರೆದವರು ಮಂತ್ರಿಗಳಲ್ಲ. 2001ರಲ್ಲೇ ಬುರ್ಕಿನಾ, ಮಾಲಿ, ಬೆನಿನ್ ಮೂರು ದೇಶಗಳ ರೈತ ಸಂಘಗಳು ಒಟ್ಟಾಗಿ ದನಿ ಎತ್ತಿದ್ದವು. ಸರ್ಕಾರಗಳು ಎದ್ದು ಕೂತದ್ದು ಆಮೇಲೆ. 2003ರ ಏಪ್ರಿಲ್ 30ರಂದು ನಾಲ್ಕು ದೇಶಗಳು ಸೇರಿ ಜಿನೀವಾದ ವಿಶ್ವ ವ್ಯಾಪಾರ ಸಂಘಟನೆಗೆ ಒಂದು ಮನವಿ ಕೊಟ್ಟವು. ಆ ಮನವಿಯ ಒಳಗೆ ಇರುವ ಜಾಣ್ಮೆಯನ್ನ ನಾವು ಬಿಡಿಸಿ ನೋಡಬೇಕು.

ಮೊದಲನೆಯದು, ಅವರು ನೂರು ಬೇಡಿಕೆ ಇಡಲಿಲ್ಲ. ಒಂದೇ ಇಟ್ಟರು: ಹತ್ತಿ. ಅಕ್ಕಿ, ಸಕ್ಕರೆ, ಹಾಲು ಎಲ್ಲಾ ಸೇರಿಸಿದ್ದರೆ ಬಲಾಢ್ಯರು ಒಂದನ್ನ ಕೊಟ್ಟು ಒಂಬತ್ತನ್ನ ಮುಳುಗಿಸುತ್ತಿದ್ದರು. ಬೇಡಿಕೆ ಒಂದೇ ಆದರೆ ತಪ್ಪಿಸಿಕೊಳ್ಳೋಕೆ ಜಾಗ ಇಲ್ಲ.

ಎರಡನೆಯದು, ಅವರು ಭಿಕ್ಷೆ ಕೇಳಲಿಲ್ಲ. 'ನಾವು ಬಡವರು, ದಯವಿಟ್ಟು ವಿನಾಯಿತಿ ಕೊಡಿ' ಅನ್ನಲಿಲ್ಲ. 'ನೀವೇ ಬರೆದ ನಿಯಮವನ್ನ ನೀವು ಪಾಲಿಸಿ' ಅಂದರು. 2004ರಿಂದ 2006ರ ಒಳಗೆ ಮೂರು ವರ್ಷದಲ್ಲಿ ಹತ್ತಿ ಸಬ್ಸಿಡಿ ತೆಗೆಯಿರಿ. ತೆಗೆಯುವವರೆಗೆ ನಮಗಾದ ನಷ್ಟ ಕಟ್ಟಿಕೊಡಿ. ಧಣಿಯ ಲೆಕ್ಕದ ಪುಸ್ತಕವನ್ನೇ ತೆಗೆದು ಧಣಿಯ ಮುಂದೆ ಓದುವುದು ಅಂದರೆ ಇದು.

ಮೂರನೆಯದು, ಅಂಕಿಸಂಖ್ಯೆ ಕೈಯಲ್ಲಿತ್ತು. ತಮ್ಮ ಭಾಗಕ್ಕೆ ವರ್ಷಕ್ಕೆ ಸುಮಾರು 25 ಕೋಟಿ ಡಾಲರ್ ನೇರ ನಷ್ಟ ಅಂತ ಲೆಕ್ಕ ಕೊಟ್ಟರು. ಬಡ ದೇಶಗಳಿಗೆ ಜಿನೀವಾದಲ್ಲಿ ಇರೋದು ಕೈಬೆರಳೆಣಿಕೆಯ ಅಧಿಕಾರಿಗಳು; ಬಲಾಢ್ಯರಿಗೆ ವಕೀಲರ ಪಡೆಯೇ ಇರುತ್ತದೆ. ಆ ಕೊರತೆ ತುಂಬೋಕೆ ಜಿನೀವಾದ ಐಡಿಯಾಸ್ ಸೆಂಟರ್‌ನಂಥ ಪುಟ್ಟ ಸಂಸ್ಥೆಯ, ಸೆನೆಗಲ್‌ನ ಎಂಡಾ ಸಂಸ್ಥೆಯ, ಆಕ್ಸ್‌ಫಾಮ್‌ನ ನೆರವು ತಗೊಂಡರು. ಕಾಗದ ಓದಲು ಬರದವನು ಹೆಬ್ಬೆಟ್ಟು ಒತ್ತುತ್ತಾನೆ ಅನ್ನೋದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಾಲ್ಕನೆಯದು, ಕೋಣೆಯ ಒಳಗಿನ ಮಾತನ್ನ ಬೀದಿಗೆ ತಂದರು. 2003ರ ಜುಲೈನಲ್ಲಿ ಮಾಲಿಯ ಅಧ್ಯಕ್ಷ ಆಮದು ತುಮಾನಿ ತುರೆ ಮತ್ತು ಬುರ್ಕಿನಾದ ಅಧ್ಯಕ್ಷ ಕಂಪಾವೊರೆ ಇಬ್ಬರೂ ಸೇರಿ ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲೇ ಲೇಖನ ಬರೆದು, ನಿಮ್ಮ ಸಬ್ಸಿಡಿ ನಮ್ಮ ಕತ್ತು ಹಿಸುಕುತ್ತಿದೆ ಅಂದರು. ಅಮೆರಿಕದ ಜನರೂ ಓದಲಿ, ನಾಚಿಕೆಯೂ ಒಂದು ಆಯುಧ ಅನ್ನೋದು ಲೆಕ್ಕ.

*

2003ರ ಸೆಪ್ಟೆಂಬರ್ 10ರಿಂದ 14ರವರೆಗೆ ಮೆಕ್ಸಿಕೋದ ಕ್ಯಾನ್‌ಕೂನ್ ಅನ್ನುವ ಕಡಲ ತೀರದ ಊರಿನಲ್ಲಿ ವಿಶ್ವ ವ್ಯಾಪಾರ ಸಂಘಟನೆಯ ಮಂತ್ರಿಗಳ ಸಮ್ಮೇಳನ ಸೇರಿತು. ಪ್ರವಾಸಿಗರ ಐಷಾರಾಮಿ ಹೋಟೆಲುಗಳ ಊರು. ಸುತ್ತ ಬೇಲಿ, ಪೊಲೀಸು. ಮೊದಲ ದಿನವೇ ದಕ್ಷಿಣ ಕೊರಿಯಾದ ರೈತ ಮುಖಂಡ ಲೀ ಕ್ಯುಂಗ್ ಹೇ ಆ ಬೇಲಿಯ ಹತ್ತಿರ ಪ್ರಾಣ ಕಳೆದುಕೊಂಡ. ಈ ಸಂಘಟನೆ ರೈತರನ್ನ ಕೊಲ್ಲುತ್ತಿದೆ ಅನ್ನುವ ಫಲಕ ಅವನ ಮೈಮೇಲಿತ್ತು.

ಇಂಥ ಸಮ್ಮೇಳನಗಳ ಒಳಗಿನ ವ್ಯವಹಾರ ತಿಳಿಯಬೇಕು. ನಿಯಮದ ಪ್ರಕಾರ ಎಲ್ಲಾ ದೇಶಕ್ಕೂ ಒಂದೊಂದೇ ಸ್ಥಾನ, ಎಲ್ಲರ ಒಪ್ಪಿಗೆ ಬೇಕು. ನಿಜವಾದ ಚೌಕಾಸಿ ನಡೆಯೋದು 'ಗ್ರೀನ್ ರೂಮ್' ಅನ್ನುವ ಕೋಣೆಯಲ್ಲಿ. ಅದಕ್ಕೆ ಕರೆದವರಿಗೆ ಮಾತ್ರ ಪ್ರವೇಶ. ಅಲ್ಲಿ ಹತ್ತಿಪ್ಪತ್ತು ದೇಶಗಳು ಕುದುರಿಸಿದ್ದನ್ನ ಕೊನೇ ರಾತ್ರಿ ಉಳಿದವರ ಮುಂದಿಟ್ಟು 'ಒಪ್ಪಿ, ಇಲ್ಲಾಂದ್ರೆ ಸಮ್ಮೇಳನ ಕೆಡಿಸಿದ ಅಪವಾದ ನಿಮ್ಮದು' ಅಂತಾರೆ. ದೇವಸ್ಥಾನ ಊರಿಗೆಲ್ಲ ಸೇರಿದ್ದು ಅಂತಾರೆ, ಗರ್ಭಗುಡಿಗೆ ಮಾತ್ರ ಕೆಲವರು. ಹಂಗೆ.

ಎರಡು ವರ್ಷದ ಹಿಂದೆ, 2001ರ ನವೆಂಬರ್‌ನಲ್ಲಿ, ದೋಹಾದಲ್ಲಿ ಇದೇ ಆಗಿತ್ತು. ಬಂಡವಾಳ ಹೂಡಿಕೆ, ಸ್ಪರ್ಧಾ ನೀತಿ, ಸರ್ಕಾರಿ ಖರೀದಿ, ಸರಕು ಸಾಗಣೆಯ ಸೌಲಭ್ಯ ಅನ್ನುವ ನಾಲ್ಕು ಹೊಸ ವಿಷಯಗಳನ್ನ ಯುರೋಪು ಒತ್ತಾಯದಿಂದ ಒಳಗೆ ತರುತ್ತಿತ್ತು. ಇವಕ್ಕೆ ಸಿಂಗಪುರ ವಿಷಯಗಳು ಅಂತ ಹೆಸರು. ಭಾರತದ ಮಂತ್ರಿ ಮುರಸೊಲಿ ಮಾರನ್ ಕೊನೆಯ ಹೊತ್ತಿನಲ್ಲಿ ಹೆಚ್ಚುಕಮ್ಮಿ ಒಂಟಿಯಾಗಿ ನಿಂತು, ಎಲ್ಲರೂ ಬಾಯಿಬಿಟ್ಟು ಒಪ್ಪಿದರೆ ಮಾತ್ರ ಇವುಗಳ ಮಾತುಕತೆ ಶುರುವಾಗಬೇಕು ಅಂತ ಅಧ್ಯಕ್ಷರ ಬಾಯಿಂದ ಹೇಳಿಸಿಕೊಂಡರು. ಆಗ ಅದೊಂದು ಸಣ್ಣ ಸಾಲು. ಕ್ಯಾನ್‌ಕೂನಿನಲ್ಲಿ ಅದೇ ಸಾಲು ಬಡ ದೇಶಗಳ ಕೈಗೆ ದೊಣ್ಣೆಯಾಯ್ತು. ಚೌಕಾಸಿಯಲ್ಲಿ ಎದ್ದು ಹೋಗುವ ಮೊದಲು ಒಂದು ಸಾಲನ್ನಾದರೂ ಬರೆಸಿಕೊಂಡು ಬರಬೇಕು ಅನ್ನೋದು ಇಲ್ಲಿಯ ಪಾಠ.

ಕ್ಯಾನ್‌ಕೂನಿನ ಹೊತ್ತಿಗೆ ಚಿತ್ರ ಬದಲಾಗಿತ್ತು. ಆಗಸ್ಟ್‌ನಲ್ಲಿ ಅಮೆರಿಕ, ಯುರೋಪು ಎರಡೂ ಸೇರಿ ಕೃಷಿ ಬಗ್ಗೆ ತಮಗೆ ಬೇಕಾದ ಹಾಗೆ ಒಂದು ಜಂಟಿ ಪ್ರಸ್ತಾಪ ಬರೆದವು. ಅದನ್ನ ಕಂಡು ಬ್ರೆಜಿಲ್, ಭಾರತ, ಚೀನಾ, ದಕ್ಷಿಣ ಆಫ್ರಿಕ ಮೊದಲಾದ ಇಪ್ಪತ್ತರಷ್ಟು ದೇಶಗಳು ಒಂದು ಕೂಟ ಕಟ್ಟಿಕೊಂಡವು. ಬ್ರೆಜಿಲ್‌ನ ಸೆಲ್ಸೊ ಅಮೊರಿಮ್, ಭಾರತದ ಅರುಣ್ ಜೇಟ್ಲಿ ಅದರ ಪರ ಮಾತಾಡಿದರು. ಇನ್ನೊಂದು ಕಡೆ ಆಫ್ರಿಕ, ಕೆರಿಬಿಯನ್, ಪೆಸಿಫಿಕ್ ಮತ್ತು ಅತಿ ಹಿಂದುಳಿದ ದೇಶಗಳು ಸುಮಾರು ತೊಂಬತ್ತು ಒಂದಾದವು. ಈ ಎರಡು ಕೂಟಗಳ ಹಿತ ಒಂದೇ ಆಗಿರಲಿಲ್ಲ. ಆದರೆ ಒಬ್ಬರು ಇನ್ನೊಬ್ಬರ ವಿರುದ್ಧ ಮಾತಾಡಬಾರದು ಅನ್ನುವಷ್ಟು ವಿವೇಕ ಆ ಐದು ದಿನ ಉಳಿಯಿತು.

ಹತ್ತಿಯ ವಿಷಯ ಬಂದಾಗ ಅಮೆರಿಕ ಏನು ಮಾಡಿತು? 'ಹತ್ತಿ ಒಂದೇ ಯಾಕೆ, ನೂಲು, ಬಟ್ಟೆ, ಕೃತಕ ನಾರು, ಸುಂಕ ಎಲ್ಲಾ ಸೇರಿಸಿ ಮಾತಾಡೋಣ' ಅಂತು. ಒಂದು ಬೇಡಿಕೆಯನ್ನ ಹತ್ತರಲ್ಲಿ ಕರಗಿಸುವ ಹಳೇ ತಂತ್ರ. ಸೆಪ್ಟೆಂಬರ್ 13ರಂದು ಹೊರಬಂದ ಕರಡಿನಲ್ಲಿ ಹತ್ತಿಯ ಬಗ್ಗೆ ಒಂದು ಪ್ಯಾರಾ ಇತ್ತು. ಸಬ್ಸಿಡಿ ತೆಗೆಯುವ ದಿನಾಂಕ ಅದರಲ್ಲಿಲ್ಲ, ನಷ್ಟ ಪರಿಹಾರ ಇಲ್ಲ. ಇದ್ದದ್ದೇನು ಅಂದರೆ, ಹತ್ತಿ ನಂಬಿದ ದೇಶಗಳು ಬೇರೆ ಕಸುಬಿನ ಕಡೆ ತಿರುಗೋಕೆ ಈಗಿರುವ ಹಣವನ್ನೇ ಹೊಂದಿಸಿ ಕೊಡುವುದು. ಅಂದರೆ ಏನಾಯ್ತು? 'ನಿಮ್ಮ ಹತ್ತಿಗೆ ಬೆಲೆ ಬರದಿದ್ದರೆ ಹತ್ತಿ ಬಿಡಿ.' ತಮ್ಮ 25,000 ಜನರನ್ನ ಬೇರೆ ಬೆಳೆಗೆ ತಿರುಗಿಸಲಾಗದವರು ಒಂದು ಕೋಟಿ ಜನರಿಗೆ ಕೊಟ್ಟ ಸಲಹೆ ಇದು.

ಆ ಪ್ಯಾರಾ ಓದಿದ ರಾತ್ರಿ ಆಫ್ರಿಕದ ಪ್ರತಿನಿಧಿಗಳ ಮನಸ್ಸು ಮುರಿಯಿತು. ಮರುದಿನ ಸಿಂಗಪುರ ವಿಷಯಗಳು ಮೇಜಿಗೆ ಬಂದಾಗ ಯುರೋಪಿನ ಪಾಸ್ಕಲ್ ಲಾಮಿ ನಾಲ್ಕರಲ್ಲಿ ಎರಡನ್ನ ಬಿಡೋಕೆ ಸಿದ್ಧ ಅಂದರು. ಕೊರಿಯಾ ನಾಲ್ಕೂ ಬೇಕು ಅಂತು. ಆಫ್ರಿಕದವರು ಒಂದೂ ಬೇಡ ಅಂದರು. ಯಾರೂ ಬಗ್ಗಲಿಲ್ಲ. ಸಮ್ಮೇಳನದ ಅಧ್ಯಕ್ಷ ಮೆಕ್ಸಿಕೋದ ಡೆರ್ಬೆಜ್ ಸಭೆ ಮುಗಿಯಿತು ಅಂದುಬಿಟ್ಟರು. ಹೊರಗಿದ್ದವರು ಕುಣಿದರು. ಜಗತ್ತಿನ ಅತಿ ಬಡ ದೇಶಗಳು ಬಲಾಢ್ಯರ ಕಾಗದಕ್ಕೆ ಸಹಿ ಹಾಕದೆ ಎದ್ದು ಬಂದಿದ್ದವು.

2004ರ ಆಗಸ್ಟ್ ಮೊದಲ ದಿನದ ತೀರ್ಮಾನದಲ್ಲಿ ನಾಲ್ಕು ಸಿಂಗಪುರ ವಿಷಯಗಳಲ್ಲಿ ಮೂರನ್ನ ದೋಹಾ ಮಾತುಕತೆಯಿಂದ ಕೈಬಿಡಲಾಯ್ತು. ಇದು ಗೆಲುವು. ಒಟ್ಟಾಗಿ ಅಂದ 'ಇಲ್ಲ'ದ ಗೆಲುವು.

*

ಆದರೆ ಹತ್ತಿ? ಗೆಲುವಿನ ಕಥೆಯನ್ನ ಇಲ್ಲಿಗೇ ನಿಲ್ಲಿಸಿದರೆ ನಾವೂ ಪುರೋಹಿತರ ಥರ ಅರ್ಧ ಪುರಾಣ ಓದಿದಂತಾಗುತ್ತದೆ.

ಕ್ಯಾನ್‌ಕೂನ್ ಮುಗಿದ ಒಂದೇ ವಾರಕ್ಕೆ ಅಮೆರಿಕದ ವ್ಯಾಪಾರ ಪ್ರತಿನಿಧಿ ರಾಬರ್ಟ್ ಜೋಲಿಕ್, 'ಆಗಲ್ಲ' ಅನ್ನುವ ದೇಶಗಳಿಗೆ ಅಮೆರಿಕ ಕಾಯೋದಿಲ್ಲ ಅಂತ ಪತ್ರಿಕೆಯಲ್ಲಿ ಬರೆದರು. ಅರ್ಥ ಇಷ್ಟೇ: ಇನ್ನು ಒಬ್ಬೊಬ್ಬರನ್ನೇ ಹಿತ್ತಲ ಬಾಗಿಲಿಗೆ ಕರೀತೀವಿ. ಎಲ್ ಸಾಲ್ವಡಾರ್, ಕೊಲಂಬಿಯಾ, ಪೆರು, ಕೋಸ್ಟರಿಕಾ, ಗ್ವಾಟೆಮಾಲಾ, ಎಕ್ವೆಡಾರ್ ಕೂಟ ಬಿಟ್ಟು ಹೊರಗೆ ಹೋದವು. ಅಮೆರಿಕದ ಜೊತೆಗಿನ ಪ್ರತ್ಯೇಕ ಒಪ್ಪಂದದ ಆಸೆ, ಅದು ತಪ್ಪೀತು ಅನ್ನುವ ಭಯ. ಎರಡು ಸೇರು ರಾಗಿ.

ಹತ್ತಿಯ ನಾಲ್ವರಿಗೂ ಅದೇ ಆಯ್ತು. 2004ರಲ್ಲಿ ಹತ್ತಿಯನ್ನ ಪ್ರತ್ಯೇಕ ವಿಷಯವಾಗಿ ಬಿಡದೆ ಕೃಷಿ ಮಾತುಕತೆಯ ಹೊಟ್ಟೆಯೊಳಗೆ ಹಾಕಿ ಒಂದು ಉಪಸಮಿತಿ ಮಾಡಿದರು. ಬೇಡಿಕೆಯನ್ನೂ ಎರಡು ಹೋಳು ಮಾಡಿದರು; ಒಂದು ವ್ಯಾಪಾರದ ಭಾಗ, ಇನ್ನೊಂದು ಅಭಿವೃದ್ಧಿಯ ಭಾಗ. ಸಬ್ಸಿಡಿಯ ಮಾತು ಮೊದಲ ಹೋಳಿನಲ್ಲಿ ನಿದ್ದೆ ಹೋಯ್ತು. ಎರಡನೆಯದರಲ್ಲಿ ನೆರವಿನ ಯೋಜನೆಗಳು ಬಂದವು. ಹೆಚ್ಚು ಇಳುವರಿ ತೆಗೆಯೋದು ಹೇಗೆ ಅಂತ ಅಮೆರಿಕದವರೇ ಬಂದು ಹೇಳಿಕೊಟ್ಟರು. ಬೆಲೆ ಬೀಳಿಸಿದವರು ಹೆಚ್ಚು ಬೆಳೆಯೋದು ಕಲಿಸಿದರು. 2005ರ ಡಿಸೆಂಬರಿನ ಹಾಂಗ್‌ಕಾಂಗ್ ಸಮ್ಮೇಳನದಲ್ಲಿ ಹತ್ತಿಯ ರಫ್ತು ಸಬ್ಸಿಡಿಯನ್ನ 2006ರೊಳಗೆ ನಿಲ್ಲಿಸುವ ಮಾತಾಯ್ತು. ಒಳಗಿನ ಸಬ್ಸಿಡಿಯನ್ನ ಉಳಿದ ಬೆಳೆಗಳಿಗಿಂತ ಬೇಗ, ಹೆಚ್ಚು ಇಳಿಸುತ್ತೇವೆ ಅಂತ ಮಾತು ಕೊಟ್ಟರು. ರೋಗ ಇದ್ದದ್ದು ಅಲ್ಲೇ. ಆ ಮಾತು ಕಾಗದದಲ್ಲೇ ಉಳಿಯಿತು. ಅಮೆರಿಕದ 2014ರ ಕಾನೂನಿನಲ್ಲಿ ಹತ್ತಿಯ ನೆರವಿಗೆ ವಿಮೆ ಅಂತ ಹೆಸರಾಯ್ತು, 2018ರಲ್ಲಿ ಇನ್ನೊಂದು ಹೆಸರಿನಲ್ಲಿ ವಾಪಸ್ ಬಂತು. ಈ ನಡುವೆ ಕೂಟದ ಗೆಳೆಯ ಚೀನಾ ಕೂಡ ತನ್ನ ಹತ್ತಿಗೆ ದೊಡ್ಡ ಸಬ್ಸಿಡಿ ಸುರಿಯುವ ದೇಶವಾಯ್ತು.

ಬ್ರೆಜಿಲ್ ಹಿಡಿದ ದಾರಿಯೇ ಬೇರೆ. ಅದು 2002ರಲ್ಲೇ ಅಮೆರಿಕದ ಹತ್ತಿ ಸಬ್ಸಿಡಿ ವಿರುದ್ಧ ವಿಶ್ವ ವ್ಯಾಪಾರ ಸಂಘಟನೆಯ ನ್ಯಾಯಮಂಡಳಿಗೆ ಹೋಯ್ತು. ಬೆನಿನ್, ಚಾಡ್ ಕೂಡ ಪಕ್ಕದ ಕಕ್ಷಿದಾರರಾಗಿ ಸೇರಿದವು. 2004ರಲ್ಲಿ ಬ್ರೆಜಿಲ್ ಗೆದ್ದಿತು, 2005ರ ಮಾರ್ಚ್‌ನಲ್ಲಿ ಮೇಲ್ಮನವಿಯಲ್ಲೂ ಗೆದ್ದಿತು. ಅಮೆರಿಕ ಒಂದೆರಡು ಯೋಜನೆ ಕೈಬಿಟ್ಟು ಉಳಿದದ್ದನ್ನ ನಡೆಸಿಕೊಂಡೇ ಹೋಯ್ತು. 2009ರಲ್ಲಿ, ಅಮೆರಿಕದ ಸರಕಿನ ಮೇಲೆ ಸುಂಕ ಏರಿಸಿ ಸೇಡು ತೀರಿಸಿಕೊಳ್ಳುವ ಹಕ್ಕು ಬ್ರೆಜಿಲಿಗೆ ಸಿಕ್ಕಿತು. ನಿಮ್ಮ ಪೇಟೆಂಟುಗಳಿಗೂ ಕೈ ಹಾಕುತ್ತೇವೆ ಅಂತ ಬ್ರೆಜಿಲ್ ಬೆದರಿಸಿತು. ಆಗ ಅಮೆರಿಕ ಬಗ್ಗಿತು. 2010ರಿಂದ ಬ್ರೆಜಿಲಿನ ಹತ್ತಿ ಬೆಳೆಗಾರರ ನಿಧಿಗೆ ವರ್ಷಕ್ಕೆ 14.73 ಕೋಟಿ ಡಾಲರ್ ಕೊಡಲು ಒಪ್ಪಿತು. 2014ರಲ್ಲಿ 30 ಕೋಟಿ ಡಾಲರ್ ಕೊಟ್ಟು ಕೇಸು ಮುಗಿಸಿಕೊಂಡಿತು. ಸಬ್ಸಿಡಿ ನಿಲ್ಲಿಸುವುದಕ್ಕಿಂತ ಕೇಸು ಹಾಕಿದವನಿಗೆ ದುಡ್ಡು ಕೊಡೋದು ಅದಕ್ಕೆ ಅಗ್ಗವಾಯ್ತು. ಅದೇ ನ್ಯಾಯ, ಅದೇ ಬೆಳೆ, ಅದೇ ಅಪರಾಧಿ. ಆದರೆ ನಾಲ್ಕು ಆಫ್ರಿಕನ್ ದೇಶಗಳ ಕೈಗೆ ಪರಿಹಾರ ಬರಲಿಲ್ಲ. ಬೆನಿನ್ ಸುಂಕ ಏರಿಸಿದರೆ ಅಮೆರಿಕದ ಕಾಲ್ಬೆರಳಿಗೂ ನೋವಾಗೋದಿಲ್ಲ.

ಇಲ್ಲಿ ನಮಗೆ ಒಂದು ಸತ್ಯ ಕಂಡಿತು. ಒಟ್ಟಾಗಿ ನಿಂತರೆ ಕೆಟ್ಟದ್ದನ್ನ ತಡೆಯಬಹುದು. ಆದರೆ ಬರಬೇಕಾದ್ದನ್ನ ಕಕ್ಕಿಸೋಕೆ ಅಷ್ಟು ಸಾಲದು. ಎದುರಿನವನಿಗೆ ನಷ್ಟ ಮಾಡುವ ಶಕ್ತಿಯೂ ಬೇಕು.

ಕೊನೆಗೆ ಆ ನಾಲ್ಕು ದೇಶಗಳಿಗೆ ಸಿಕ್ಕಿದ್ದೇನು? ಅವರೇ ಕೇಳಿಕೊಂಡ ಮೇಲೆ 2019ರ ಅಕ್ಟೋಬರ್ 7ರಂದು ಜಿನೀವಾದಲ್ಲಿ 'ವಿಶ್ವ ಹತ್ತಿ ದಿನ' ಆಚರಿಸಿದರು. 2021ರಲ್ಲಿ ವಿಶ್ವಸಂಸ್ಥೆಯೂ ಅದಕ್ಕೆ ಮುದ್ರೆ ಒತ್ತಿತು. ಬೆಲೆ ಕೇಳಿದವರಿಗೆ ಜಯಂತಿ ಕೊಟ್ಟರು. ಜಯಂತಿಗಳ ವಿಷಯ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

*

ಈಗ ಆ ಕಂಪಾವೊರೆ. 2003ರ ಜೂನ್‌ನಲ್ಲಿ ಜಿನೀವಾಕ್ಕೆ ಹೋಗಿ ಹತ್ತಿ ರೈತರ ಪರವಾಗಿ ಮಾತಾಡಿದವನು ಅವನೇ. ಒಟ್ಟಾಗಿ 'ಇಲ್ಲ' ಅನ್ನೋಣ ಅಂದ ಸಂಕಾರಾನ ಕೊಲೆಯಲ್ಲಿ ಅವನ ಕೈ ಇತ್ತು ಅಂತ 2022ರ ಏಪ್ರಿಲ್‌ನಲ್ಲಿ ಬುರ್ಕಿನಾದ ಸೈನಿಕ ನ್ಯಾಯಾಲಯ ಅವನ ಗೈರುಹಾಜರಿಯಲ್ಲೇ ಜೀವಾವಧಿ ಶಿಕ್ಷೆ ಕೊಟ್ಟಿತು. 2014ರಲ್ಲೇ ಜನ ದಂಗೆ ಎದ್ದು ಅವನನ್ನ ಓಡಿಸಿದ್ದರು. ಅವನು ಜಿನೀವಾದಲ್ಲಿ ಹೇಳಿದ್ದು ಸುಳ್ಳಲ್ಲ. ಆದರೆ ಹತ್ತಿ ಬಿಡಿಸುವವರ ಹೆಸರಿನಲ್ಲಿ ಅಲ್ಲಿ ಕೂತವನು ಊರಲ್ಲಿ ಅವರ ಮಾತು ಕೇಳುತ್ತಿದ್ದನೇ? ಅವನ ಆಳ್ವಿಕೆಯಲ್ಲೇ, 2011ರಲ್ಲಿ, ಬುರ್ಕಿನಾದ ಹತ್ತಿ ಬೆಳೆಗಾರರು ತಮ್ಮ ದೇಶದ ಹತ್ತಿ ಕಂಪನಿ ಕೊಡೋ ಬೆಲೆ ಸಾಲದು ಅಂತ ಬೀದಿಗೆ ಇಳಿದಿದ್ದರು. ಹೊರಗಿನ ಧಣಿಯ ಎದುರು ಕೈಕಟ್ಟಿ ನಿಂತವನು ಒಳಗೆ ತಾನೇ ಧಣಿಯಾಗಿರಬಹುದು. ಈ ಮಾತನ್ನ ಬಾಬಾಸಾಹೇಬರು ನಮ್ಮ ಸ್ವಾತಂತ್ರ್ಯದ ಸಂದರ್ಭದಲ್ಲೇ ಎತ್ತಿದ್ದರು.

ನಮಗೆ ಈ ಇಡೀ ಚರಿತ್ರೆಯಲ್ಲಿ ಹೆಚ್ಚು ಇಷ್ಟವಾದದ್ದು ಕ್ಯಾನ್‌ಕೂನ್ ಅಲ್ಲ, ಅದಕ್ಕೂ ಮೂರು ವರ್ಷದ ಹಿಂದಿನ ಮಾಲಿ. 2000ದಲ್ಲಿ ಅಲ್ಲಿಯ ರೈತರು, ಕೊಡೋ ಬೆಲೆ ಸಾಲದು, ಈ ಸಲ ಹತ್ತಿ ಬಿತ್ತೋದೇ ಇಲ್ಲ ಅಂದರು. ಹೊಲಕ್ಕೆ ಜೋಳ, ಸಜ್ಜೆ ಹಾಕಿದರು. ದೇಶದ ಹತ್ತಿ ಸುಮಾರು ಅರ್ಧಕ್ಕೆ ಇಳಿಯಿತು. ಮುಂದಿನ ಹಂಗಾಮಿಗೆ ಕಂಪನಿ ತಾನೇ ಬೆಲೆ ಏರಿಸಿತು. ಅದಕ್ಕೆ ವಕೀಲರು ಬೇಕಾಗಲಿಲ್ಲ. ಬಿತ್ತದೆ ಇದ್ದರೂ ಒಂದು ವರ್ಷ ಉಣ್ಣೋಕೆ ಹೊಲದಲ್ಲಿ ಕಾಳು ಇತ್ತು, ಅಷ್ಟೇ. ಎದ್ದು ಹೋಗುವ ಶಕ್ತಿ ಅಂದರೆ ಇದು. ಕೂಲಿ ಬಿಟ್ಟು ಮೂರು ದಿನ ಮನೇಲಿ ಕೂರೋಕೆ ಗಡಿಗೆಯಲ್ಲಿ ಹಿಟ್ಟು ಇದ್ದವನು ಮಾತ್ರ ಧಣಿಯ ಮುಂದೆ ಕತ್ತೆತ್ತಿ ಮಾತಾಡುತ್ತಾನೆ.

ನಮ್ಮ ನಾಡಿಗೂ ಈ ಚರಿತ್ರೆ ದೂರದ್ದಲ್ಲ. 1992-93ರಲ್ಲಿ ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿ ಮತ್ತು ರೈತ ಸಂಘದವರು ಡಂಕೆಲ್ ಕರಡಿನ ವಿರುದ್ಧ ಬೆಂಗಳೂರಿನಲ್ಲಿ ಹೋರಾಡಿದರು. ಆ ಕರಡೇ ಮುಂದೆ ವಿಶ್ವ ವ್ಯಾಪಾರ ಸಂಘಟನೆಯ ಒಪ್ಪಂದವಾಯ್ತು. ಅವರನ್ನ ನಾವು ಗೌರವದಿಂದ ನೆನೆಯುತ್ತೇವೆ. ಜೊತೆಗೆ ಒಂದು ಪ್ರಶ್ನೆಯನ್ನೂ ಉಳಿಸಿಕೊಳ್ಳುತ್ತೇವೆ: ಭೂಮಿಯೇ ಇಲ್ಲದ ಕೂಲಿಯವರ ಬೇಡಿಕೆ ಆ ಹಸಿರು ಶಾಲುಗಳ ನಡುವೆ ಎಷ್ಟು ಕೇಳಿಸಿತು? ವ್ಯವಸಾಯ ಸಂವಿಧಾನದಲ್ಲಿ ರಾಜ್ಯದ ಪಟ್ಟಿಯಲ್ಲಿದೆ. ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕೋದು ದಿಲ್ಲಿ. ಆ ಸಹಿಗೆ ಸಂಸತ್ತಿನ ಒಪ್ಪಿಗೆ ಕೂಡ ಕಡ್ಡಾಯವಿಲ್ಲ.

2025ರ ಏಪ್ರಿಲ್‌ನಲ್ಲಿ ಅಮೆರಿಕ ದೇಶಕ್ಕೊಂದು ಸುಂಕ ಸಾರಿ, ಒಬ್ಬೊಬ್ಬರೇ ಬಂದು ಮಾತಾಡಿ ಅಂತು. ಮತ್ತೆ ಅದೇ ಜಗಲಿ. ಆ ಆಗಸ್ಟ್‌ನಲ್ಲಿ ಭಾರತದ ಸರಕಿನ ಮೇಲೆ 50 ಪರ್ಸೆಂಟ್ ಸುಂಕ ಬಿತ್ತು. ಅದೇ ತಿಂಗಳು ನಮ್ಮ ಸರ್ಕಾರ ಹೊರದೇಶದ ಹತ್ತಿಗೆ ಇದ್ದ 11 ಪರ್ಸೆಂಟ್ ಆಮದು ಸುಂಕವನ್ನ ಮೊದಲು ಸೆಪ್ಟೆಂಬರ್ ಕೊನೆವರೆಗೆ, ಆಮೇಲೆ ಡಿಸೆಂಬರ್ ಕೊನೆವರೆಗೆ ತೆಗೆದುಹಾಕಿತು. ಜವಳಿ ಗಿರಣಿಗಳಿಗೆ ಅನುಕೂಲ ಅಂತ ಕಾರಣ ಹೇಳಿದರು. ಅದು ಸರಿಯಾಗಿ ನಮ್ಮ ರಾಯಚೂರು, ಹಾವೇರಿ ಕಡೆ ಹತ್ತಿ ಬಿಡಿಸಿ ಮಾರುಕಟ್ಟೆಗೆ ಬರುವ ಕಾಲ. ಈ ತೀರ್ಮಾನಕ್ಕೆ ಮೊದಲು ಹತ್ತಿ ಬಿಡಿಸುವ ಒಬ್ಬ ಹೆಣ್ಣುಮಗಳನ್ನಾದರೂ ಯಾರಾದರೂ ಕೇಳಿದರೇ?

ಹಳ್ಳಿಯ ಮೇಷ್ಟ್ರುಗಳಿಗೆ, ಹಾಸ್ಟೆಲಿನ ಗೆಳೆಯರಿಗೆ ನಮ್ಮ ಕೋರಿಕೆ ಇಷ್ಟೇ. ಪೇಪರಿನಲ್ಲಿ 'ಐತಿಹಾಸಿಕ ವ್ಯಾಪಾರ ಒಪ್ಪಂದ' ಅಂತ ದೊಡ್ಡಕ್ಷರ ಬಂದ ದಿನ ಅದನ್ನ ಮಕ್ಕಳ ಮುಂದೆ, ಗೆಳೆಯರ ಮುಂದೆ ಓದಿ. ಓದಿ ಮೂರು ಪ್ರಶ್ನೆ ಕೇಳಿ. ನಾವು ಒಬ್ಬರೇ ಹೋಗಿದ್ದೆವೋ, ನಮ್ಮಂಥವರ ಜೊತೆ ಹೋಗಿದ್ದೆವೋ? ಬೇಡ ಅಂತ ಎದ್ದು ಬರುವ ಶಕ್ತಿ ನಮಗಿತ್ತೋ ಇಲ್ಲವೋ? ನಮ್ಮ ಹೆಸರಿನಲ್ಲಿ ಅಲ್ಲಿ ಕೂತವನು ಯಾರು, ಅವನ ಮನೆಯಲ್ಲಿ ಯಾರಾದರೂ ಹತ್ತಿ ಬಿಡಿಸಿದ್ದಾರೆಯೇ?

ಮೂರಕ್ಕೂ ಉತ್ತರ ಸಿಗದಿದ್ದರೆ ಆ ಕಾಗದ ನಮ್ಮದಲ್ಲ. ಅದನ್ನ ನಮ್ಮ ಬ್ಲೇಡಿನಿಂದ ಕತ್ತರಿಸಿ ಇಟ್ಟುಕೊಳ್ಳೋಣ, ಮುಂದಿನ ಸಂಘದ ಸಭೆಗೆ ತರೋಣ. ಅಲ್ಲಿ ಒಟ್ಟಿಗೆ ಕೂತು ಓದೋಣ.